ಪ್ರಷ್ಯದ ಯುದ್ಧ ನೆರವಿನ ಶಿಲುಬೆ: ಬೂದು ಬಣ್ಣ ಮತ್ತು ತೊಳೆಯುವ ಪ್ರಶ್ನೆ

ತಮ್ಮ ‘ಫೆರ್ಡೀನ್‌ಸ್ಟ್‌ಕ್ರಾಯ್ಟ್ಸ್ ಫ್ಯೂರ್ ಕ್ರೀಗ್ಸ್‌ಹಿಲ್ಫೆ’ (ಯುದ್ಧ ನೆರವಿಗಾಗಿ ಪ್ರಷ್ಯ ಕೊಡುತ್ತಿದ್ದ ಶಿಲುಬೆಯಾಕಾರದ ಪದಕ) ಬೆಳ್ಳಿಯಂತೆ ಹೊಳೆಯದೆ ಬೂದಾಗಿಯೂ ಹಗುರವಾಗಿಯೂ ಇರುವುದರಿಂದ ಅದು ನಕಲಿಯೇ, ಹುಣಸೆಹಣ್ಣಿನಿಂದ ತೊಳೆಯಬಹುದೇ ಎಂದು ಕೇಳಿದ್ದೀರಿ. ಬೂದು ಬಣ್ಣ ಅನುಮಾನಕ್ಕೆ ಕಾರಣವಲ್ಲ. ಜರ್ಮನಿಯ ಚಕ್ರವರ್ತಿಯೂ ಪ್ರಷ್ಯದ ರಾಜನೂ ಆಗಿದ್ದ ಎರಡನೇ ವಿಲ್ಹೆಲ್ಮ್ 1916ರ ಡಿಸೆಂಬರ್ 5ರಂದು ಸ್ಥಾಪಿಸಿದ ಈ ಶಿಲುಬೆಯನ್ನು, ಒಳ್ಳೆಯ ಲೋಹಗಳೆಲ್ಲ ಮೊದಲ ಮಹಾಯುದ್ಧಕ್ಕೆ ಬೇಕಾಗಿದ್ದ ಕಾಲದಲ್ಲಿ, ಸತುವಿನಲ್ಲೇ ತಯಾರಿಸಲಾಯಿತು. ಬೆಳ್ಳಿಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 10.5 ಗ್ರಾಂ ಇದ್ದರೆ ಸತುವಿನದು 7.1 ಗ್ರಾಂ ಮಾತ್ರ; ಕೈಗೆ ಹಗುರವೆನಿಸುವುದು ಅದಕ್ಕೇ. ನಿಜ ಹೇಳಬೇಕೆಂದರೆ, ಥಳಥಳ ಹೊಳೆಯುವ ಪ್ರತಿಯನ್ನೇ ನಾನು ಹೆಚ್ಚು ಸಂಶಯದಿಂದ ನೋಡುತ್ತೇನೆ.

ಹುಣಸೆಹಣ್ಣನ್ನು ಮಾತ್ರ ಖಂಡಿತ ಹತ್ತಿರ ತರಬೇಡಿ. ಹಿತ್ತಾಳೆಯ ಬಿಂದಿಗೆಗೆ ಹೊಳಪು ಕೊಡುವ ಅದೇ ಹುಳಿ ಸತುವನ್ನು ತಿಂದುಹಾಕುತ್ತದೆ. ಮೊದಲು ಸವೆಯುವುದು ಒಂದು ಬದಿಯ ‘ಫ್ಯೂರ್ ಕ್ರೀಗ್ಸ್ ಹಿಲ್ಫ್ಸ್‌ಡೀನ್‌ಸ್ಟ್’ (ಯುದ್ಧ ಸಹಾಯ ಸೇವೆಗಾಗಿ) ಎಂಬ ಬರಹದ ಅಂಚು ಮತ್ತು ಇನ್ನೊಂದು ಬದಿಯ ಕಿರೀಟದ ಗೆರೆಗಳು. ಬಿಳಿ ಪುಡಿ ಕಾಣಿಸಿದ್ದರೆ ಮೆತ್ತನೆಯ ಒಣ ಕುಂಚದಿಂದ ಉದುರಿಸಿ, ಪಿವಿಸಿ ಚೀಲದಲ್ಲಾಗಲಿ ಮರದ ಪೆಟ್ಟಿಗೆಯಲ್ಲಾಗಲಿ ಇಡದೆ, ಆಮ್ಲರಹಿತ ಕಾಗದದಲ್ಲಿ ಸುತ್ತಿ, ಮಳೆಗಾಲದಲ್ಲಿ ಜೊತೆಗೆ ಸಿಲಿಕಾ ಜೆಲ್ ಇಡಿ.

ರಿಬ್ಬನ್ನನ್ನು ಕತ್ತಲಲ್ಲಿ ಅತಿನೇರಳೆ ದೀಪದಡಿ ನೋಡಿ. ಅದರ ಬಿಳಿ ಎಳೆಗಳು ನೀಲಿಯಾಗಿ ಪ್ರಜ್ವಲಿಸಿದರೆ ನಂತರದ ಕಾಲದ ಬಟ್ಟೆಯೋ ಈಚಿನ ಸಾಬೂನಿನ ಶೇಷವೋ ಇರಬೇಕು. ಅಷ್ಟರಿಂದಲೇ ಶಿಲುಬೆ ನಕಲಿಯಾಗುವುದಿಲ್ಲ, ಏಕೆಂದರೆ ಹಳೆಯ ಪದಕಗಳಿಗೆ ಹೊಸ ರಿಬ್ಬನ್ ಕಟ್ಟುವುದು ಮಾಮೂಲು. ಮಾರಿದವರ ಬಳಿ ಪ್ರದಾನ ಪತ್ರವೂ ಇದ್ದರೆ ಅದನ್ನು ಬಿಡಬೇಡಿ. ಶಿಲುಬೆಯ ಮೇಲೆ ಪಡೆದವರ ಹೆಸರಿರುವುದಿಲ್ಲ; ಅದು ಯಾರದೆಂದು ತಿಳಿಯಲು ಆ ಪತ್ರವೇ ಬೇಕು.