ಬೆಳೆಯುತ್ತಿರುವ ಕರಾವಳಿಗೆ ಬಸ್‌ವೇ ಒಳ್ಳೆಯದೋ, ರೈಲೋ?

ಬಸ್‌ವೇ ಎಂದರೆ ಬಸ್ಸುಗಳಿಗೇ ಮೀಸಲಾದ ರಸ್ತೆ. ಮೊದಲು ದೂರ ನೋಡಿ. ಆಸ್ಟ್ರೇಲಿಯಾದ ಬ್ರಿಸ್ಬೇನ್–ಗೋಲ್ಡ್ ಕೋಸ್ಟ್ ಪ್ರದೇಶದಲ್ಲಿ ಎರಡೂ ಇವೆ. 2001ರಲ್ಲಿ ಪೂರ್ಣಗೊಂಡ ಬ್ರಿಸ್ಬೇನಿನ ಆಗ್ನೇಯ ಬಸ್‌ವೇ ಸುಮಾರು 16 ಕಿ.ಮೀ. ಉದ್ದವಿದೆ. ಬಸ್ಸು ಬಡಾವಣೆಯೊಳಗಿಂದಲೇ ಹೊರಟು ಬಸ್‌ವೇ ಸೇರುತ್ತದೆ, ನಡುವೆ ಇಳಿದು ಹತ್ತುವ ಕಷ್ಟವಿಲ್ಲ. ತೊಂದರೆ ಬರುವುದು ನಗರದ ನಡುವೆ: ಬಹುತೇಕ ಮಾರ್ಗಗಳು ಕಲ್ಚರಲ್ ಸೆಂಟರ್ ನಿಲ್ದಾಣದಲ್ಲಿ ಕೂಡಿ, ಬಸ್ಸುಗಳು ಸಾಲುಗಟ್ಟುತ್ತವೆ. ಇನ್ನಷ್ಟು ಬಸ್ ಬಿಟ್ಟರೆ ಸಾಲು ಉದ್ದವಾಗುತ್ತದೆ, ಅಷ್ಟೇ.

ಬ್ರಿಸ್ಬೇನಿನಿಂದ 70–80 ಕಿ.ಮೀ. ದೂರದ ಕರಾವಳಿ ನಗರ ಗೋಲ್ಡ್ ಕೋಸ್ಟಿಗೆ ರೈಲೇ ಸರಿ. ಆರು ಬೋಗಿಯ ಒಂದು ರೈಲು ಹತ್ತಕ್ಕೂ ಹೆಚ್ಚು ಬಸ್ಸುಗಳ ಜನರನ್ನು ಒಯ್ಯುತ್ತದೆ. ಆದರೆ ರೈಲುಮಾರ್ಗಕ್ಕೆ ಬೇಕಾದ ಜಾಗವನ್ನು ಈಗಲೇ ಕಾಯ್ದಿರಿಸಿ, ಇದು ಎಲ್ಲಕ್ಕಿಂತ ಮುಖ್ಯ. ಅಲ್ಲಿ ನಡುದಾರಿಯ ಬೀನ್ಲೀ ಊರಿನಾಚೆ ಗೋಲ್ಡ್ ಕೋಸ್ಟಿನತ್ತ ಹೋಗುತ್ತಿದ್ದ ಹಳೇ ರೈಲುಮಾರ್ಗವನ್ನು 1964ರಲ್ಲಿ ಮುಚ್ಚಿದರು. 1990ರ ದಶಕದಲ್ಲಿ ಮತ್ತೆ ಕಟ್ಟಿದ ಮಾರ್ಗ ಒಳನಾಡಿನಲ್ಲಿ ಹಾದುಹೋಗುತ್ತದೆ. ಗೋಲ್ಡ್ ಕೋಸ್ಟಿನ ರಾಬಿನಾ ನಿಲ್ದಾಣದಲ್ಲಿ ಇಳಿದವರು ಕಡಲತೀರಕ್ಕೆ ಬಸ್ಸನ್ನೇ ಹಿಡಿಯಬೇಕು.