ಅಟ್ಟದ ಮೇಲಿನ ಕಂಪ್ಯೂಟರ್ ಪತ್ರಿಕೆಗಳು

ಪ್ರಶ್ನೆ: ನಮ್ಮ ತಂದೆಯವರು 1990ರ ದಶಕದ ಕೊನೆಯಲ್ಲಿ ತರಿಸುತ್ತಿದ್ದ ಕಂಪ್ಯೂಟರ್ ಮಾಸಪತ್ರಿಕೆಗಳೂ ಅವುಗಳ ಜೊತೆಗೆ ಬರುತ್ತಿದ್ದ ಸಿ.ಡಿ.ಗಳೂ ತೋಟದ ಮನೆಯ ಅಟ್ಟದಲ್ಲಿವೆ. ಪ್ರತಿ ಮಳೆಗಾಲದಲ್ಲಿಯೂ ಬೂಷ್ಟು ಹಿಡಿಯುತ್ತಿವೆ. ಗುಜರಿಗೆ ಹಾಕಬಹುದೆ? ಎಂಟನೆಯ ತರಗತಿಯಲ್ಲಿರುವ ಮಗನಿಗೆ ಈಗ ಯಾವ ಪತ್ರಿಕೆ ಕೊಡಿಸಲಿ?
— ಓದುಗರೊಬ್ಬರು, ಗೋಣಿಕೊಪ್ಪಲು

ಉತ್ತರ: ದಯವಿಟ್ಟು ಪತ್ರಿಕೆಗಳನ್ನು ಗುಜರಿಗೆ ಹಾಕಬೇಡಿ, ಸಿ.ಡಿ.ಗಳ ವಿಷಯದಲ್ಲಿ ಅಷ್ಟು ಮೋಹ ಬೇಕಿಲ್ಲ. ಆ ಕಾಲದಲ್ಲಿ ಪತ್ರಿಕೆಯನ್ನು ಕೊಳ್ಳಲು ಸಿ.ಡಿ.ಯೇ ದೊಡ್ಡ ಕಾರಣವಾಗಿತ್ತೆಂಬುದು ನಿಜ. ಭಾರತದಲ್ಲಿ ಜನಸಾಮಾನ್ಯರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಬಳಿಕ ಬಂದ, ಫೋನ್ ತಂತಿಯ ಮೂಲಕ ಸೆಕೆಂಡಿಗೆ 56 ಕಿಲೋಬಿಟ್ ಮಾಹಿತಿ ತರುವ ಮೋಡೆಮ್ ಪೂರ್ಣ ವೇಗದಲ್ಲಿ ಓಡಿದರೂ 650 ಎಂ.ಬಿ.ಯ ಒಂದು ಸಿ.ಡಿ.ಯಷ್ಟು ಮಾಹಿತಿಯನ್ನು ಇಳಿಸಿಕೊಳ್ಳಲು ಇಡೀ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತಿದ್ದುದರಿಂದ, ಲಿನಕ್ಸ್‌ನಂತಹ ತಂತ್ರಾಂಶಗಳು ಅನೇಕ ಓದುಗರಿಗೆ ಮೊದಲು ಸಿಕ್ಕಿದ್ದು ಪಿಸಿಕ್ವೆಸ್ಟ್‌ನಂತಹ ಪತ್ರಿಕೆಗಳ ಮೂಲಕವೇ. ಇಂದು ಆ ಸಿ.ಡಿ.ಗಳಲ್ಲಿರುವ ಹಳೆಯ ತಂತ್ರಾಂಶವನ್ನು ದಿನಬಳಕೆಯ ಕಂಪ್ಯೂಟರಿಗೆ ಹಾಕಿಕೊಳ್ಳುವುದು ಸುರಕ್ಷಿತವಲ್ಲ. ಬೇಕಾದ ಸಿ.ಡಿ.ಗಳನ್ನು ಮಾತ್ರ ಹಾರ್ಡ್ ಡಿಸ್ಕಿಗೆ ನಕಲಿಸಿಕೊಳ್ಳಿ. ಒರೆಸುವಾಗ ಮೃದುವಾದ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಊಟದ ತಟ್ಟೆಯಂತೆ ಸುತ್ತಲೂ ಉಜ್ಜಿದರೆ ಗೀರುಗಳು ಮಾಹಿತಿಯ ಸಾಲಿನ ಉದ್ದಕ್ಕೂ ಬೀಳುತ್ತವೆ.

ಪುಟಗಳ ಮಾತು ಬೇರೆ. ಲೇಖನಗಳಿಗಿಂತಲೂ ಜಾಹೀರಾತುಗಳೇ ಹೆಚ್ಚು ಬೆಲೆಯುಳ್ಳವು ಎಂದು ನನಗನ್ನಿಸುತ್ತದೆ. ಆಗ ಎಷ್ಟು ರೂಪಾಯಿಗೆ ಎಷ್ಟು ಮೆಮೊರಿಯ ಕಂಪ್ಯೂಟರ್ ಸಿಗುತ್ತಿತ್ತು ಎಂಬುದನ್ನು ಅಷ್ಟು ನೇರವಾಗಿ ಹೇಳುವ ದಾಖಲೆ ಸುಲಭವಾಗಿ ಸಿಗುವುದಿಲ್ಲ. ಪತ್ರಿಕೆಯೊಂದು ಇತಿಹಾಸವನ್ನೇ ತಿರುಗಿಸಿದ್ದೂ ಉಂಟು: ಅಮೆರಿಕದ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ನ 1975ರ ಜನವರಿ ಸಂಚಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಪುಟ್ಟ ಕಂಪ್ಯೂಟರನ್ನು ಕಂಡ ಪಾಲ್ ಆಲೆನ್ ಮತ್ತು ಬಿಲ್ ಗೇಟ್ಸ್ ಅದಕ್ಕಾಗಿ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಆವೃತ್ತಿಯೊಂದನ್ನು ಸಿದ್ಧಪಡಿಸಿದರು, ಮೈಕ್ರೋಸಾಫ್ಟ್ ಹುಟ್ಟಿದ್ದು ಅಲ್ಲಿಂದ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಆರಂಭವಾದ ‘ಬೈಟ್’ ಎಂಬ ಕಂಪ್ಯೂಟರ್ ಪತ್ರಿಕೆ 1998ರಲ್ಲಿ ಮುದ್ರಣ ನಿಲ್ಲಿಸಿತು.

ನುಣುಪು ಕಾಗದದ ಪುಟಗಳು ಒದ್ದೆಯಾಗಿ ಹಾಗೆಯೇ ಒಣಗಿದರೆ ಒಂದಕ್ಕೊಂದು ಅಂಟಿ ಬಿಡಿಸಲಾಗದಂತಾಗುತ್ತವೆ. ಆದುದರಿಂದ ಮಳೆ ಹಿಡಿಯುವ ಮೊದಲೇ, ಮೇ ತಿಂಗಳಲ್ಲಿ, ನೆರಳಿನಲ್ಲಿ ಗಾಳಿಗಿಟ್ಟು, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿಡುವುದು ಬೇಡ. ಹೊಗೆ ಕಾಗದವನ್ನು ಕೆಡಿಸುತ್ತದೆ.

ಮಗನಿಗೆ, ಕೈಯಿಂದ ಏನನ್ನಾದರೂ ಮಾಡಿ ನೋಡುವ ಆಸಕ್ತಿಯಿದ್ದರೆ, 1969ರಿಂದ ದೆಹಲಿಯಿಂದ ಪ್ರಕಟವಾಗುತ್ತಿರುವ ‘ಎಲೆಕ್ಟ್ರಾನಿಕ್ಸ್ ಫಾರ್ ಯು’ ಒಳ್ಳೆಯದು, ಆದರೆ ಈ ವಯಸ್ಸಿಗೆ ಸ್ವಲ್ಪ ಭಾರವೇ. 2012ರಲ್ಲಿ ಆರಂಭವಾದ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಮೀಸಲಾದ ‘ಮ್ಯಾಗ್‌ಪೈ’ಯ ಹಳೆಯ ಸಂಚಿಕೆಗಳು ಪಿ.ಡಿ.ಎಫ್. ರೂಪದಲ್ಲಿ ಉಚಿತವಾಗಿ ದೊರೆಯುವುದರಿಂದ ಮೊದಲು ಅವನ್ನು ಓದಿಸಿ. ಜೂನ್ ನಂತರ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುವ ನಿಮ್ಮ ಊರಿನಲ್ಲಿ, ಬೇಕಾದ ಪ್ರಯೋಗಗಳ ಪುಟಗಳನ್ನು ಮೊದಲೇ ಮುದ್ರಿಸಿಟ್ಟುಕೊಳ್ಳುವುದು ಲೇಸು. ಇವೆರಡೂ ಇಂಗ್ಲಿಷಿನಲ್ಲಿರುವುದರಿಂದ ಆರಂಭದಲ್ಲಿ ನೀವು ಜೊತೆಗೆ ಕುಳಿತು ಓದಬೇಕಾಗಬಹುದು.