ಜರ್ಮನಿಗೆ ಇಕನಾಮಿಕ್ಸ್ ಓದಲು ಹೊರಟ ತಮ್ಮನಿಗೆ

ತಮ್ಮಾ,

ನಿನ್ನ ಉದ್ದನೆಯ ಪತ್ರ ಓದಿದೆ. ಬಿ.ಕಾಂ ಮೊದಲ ವರ್ಷ ಮುಗಿದಿದೆ, ಜರ್ಮನ್ ಭಾಷೆಯ ಮೇಲ್ಮಟ್ಟದ ಪರೀಕ್ಷೆ ಸಿ1 ಪಾಸಾಗಿದೆ, ಎರಡು ಕಡೆ ಸೀಟೂ ಸಿಕ್ಕಿದೆ. ಬಾನ್‌ನಲ್ಲಿ ಇಕನಾಮಿಕ್ಸ್, ಮಾನ್‌ಹೈಮ್‌ನಲ್ಲಿ ಬಿಸಿನೆಸ್. ಯಾವುದಕ್ಕೆ ಸೇರಲಿ, ಫೀಸ್ ಇಲ್ಲ ಅನ್ನುವುದು ನಿಜವಾ, ಕೆಲಸ ಮಾಡಿಕೊಂಡು ಓದಬಹುದಾ, ಅಲ್ಲಿನ ಜೀವನ ಹೇಗೆ ಅಂತ ಕೇಳಿದ್ದೀಯ. ನಾನು ಜರ್ಮನಿಯಲ್ಲೇ ಓದಿ ಇಲ್ಲೇ ನೆಲೆ ನಿಂತವಳು, ಕಂಡಿದ್ದನ್ನು ಹೇಳುತ್ತೇನೆ.

ದುಡ್ಡಿನ ಮಾತು ಮೊದಲು ಮುಗಿಸಿಬಿಡೋಣ. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಟ್ಯೂಷನ್ ಫೀಸ್ ಇಲ್ಲ, ನಿಜ. ಸೆಮಿಸ್ಟರಿಗೆ ಕೆಲವು ನೂರು ಯೂರೋ ಕಟ್ಟಿದರೆ ಆಯಿತು. ಆದರೆ ಮಾನ್‌ಹೈಮ್ ಇರುವುದು ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯದಲ್ಲಿ. ಅಲ್ಲಿ 2017ರ ಚಳಿಗಾಲದ ಸೆಮಿಸ್ಟರಿನಿಂದ ಯುರೋಪಿಯನ್ ಯೂನಿಯನ್ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಫೀಸ್ ಇದೆ. ಆರು ಸೆಮಿಸ್ಟರಿಗೆ 9,000 ಆಯಿತು. ಬಾನ್‌ನಲ್ಲಿ ಆ ಖರ್ಚಿಲ್ಲ. ಇದಲ್ಲದೆ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ಒಟ್ಟಿಗೆ ತೆಗೆಯಲು ಬಿಡದ ಖಾತೆಯಲ್ಲಿ, ವರ್ಷಕ್ಕೆ 11,904 ಯೂರೋ ಇಡಬೇಕು. ಅದರಿಂದ ತಿಂಗಳಿಗೆ 992 ಕೈಗೆ ಬರುತ್ತದೆ. ರೂಮ್ ಬಾಡಿಗೆ, ಹೆಲ್ತ್ ಇನ್ಶೂರೆನ್ಸ್ ಕಳೆದ ಮೇಲೆ ಉಳಿಯುವುದರಲ್ಲಿ ಬದುಕಬಹುದು, ಆದರೆ ಕೈ ಬಿಗಿ ಹಿಡಿಯಬೇಕು.

ಇನ್ನು ಕೋರ್ಸು. ಇಲ್ಲಿ ಇಕನಾಮಿಕ್ಸ್ ಅನ್ನು ಫೌವೇಎಲ್ ಅಂತಾರೆ, ಬಿಸಿನೆಸ್ ಅನ್ನು ಬೇವೇಎಲ್. ಹೆಸರು ನೋಡಿ ತೀರ್ಮಾನ ಮಾಡಬೇಡ. ಯೂನಿವರ್ಸಿಟಿಯ ವೆಬ್‌ಸೈಟಿನಲ್ಲಿ ಮೊಡ್ಯೂಲ್‌ಹಾಂಡ್‌ಬೂಖ್ ಅಂತ ಒಂದು ಪಿಡಿಎಫ್ ಇರುತ್ತದೆ. ಯಾವ ಸೆಮಿಸ್ಟರಿನಲ್ಲಿ ಏನು ಓದಬೇಕು, ಪರೀಕ್ಷೆ ಹೇಗೆ ಅಂತ ಅದರಲ್ಲಿ ಪೂರ್ತಿ ಬರೆದಿರುತ್ತಾರೆ. ಅದನ್ನು ಓದಿದರೆ ಗೊತ್ತಾಗುತ್ತದೆ, ಇಕನಾಮಿಕ್ಸ್ ಅಂದರೆ ಇಲ್ಲಿ ಮೊದಲು ಗಣಿತ, ಆಮೇಲೆ ಸ್ಟ್ಯಾಟಿಸ್ಟಿಕ್ಸ್, ಆಮೇಲೆ ಉಳಿದಿದ್ದು. ಬಾನ್‌ನಲ್ಲಂತೂ ಇನ್ನೂ ಜಾಸ್ತಿ. ಗೇಮ್ ಥಿಯರಿಗೆ 1994ರಲ್ಲಿ ಜಾನ್ ನ್ಯಾಶ್, ಜಾನ್ ಹರ್ಸಾನಿ ಜೊತೆ ನೊಬೆಲ್ ಹಂಚಿಕೊಂಡ ರೈನ್‌ಹಾರ್ಡ್ ಝೆಲ್ಟೆನ್ ಪಾಠ ಮಾಡುತ್ತಿದ್ದ ಜಾಗ ಅದು. ಅಲ್ಲಿ ಆರ್ಥಿಕ ಪ್ರಯೋಗಗಳ ಲ್ಯಾಬ್ ಇದೆ. ಪ್ರಯೋಗಕ್ಕೆ ಕೂತ ವಿದ್ಯಾರ್ಥಿಗಳಿಗೆ ಒಂದಿಷ್ಟು ಯೂರೋ ಕೊಟ್ಟು ಕಳಿಸುತ್ತಾರೆ, ಅದೊಂದು ಸಣ್ಣ ಲಾಭ!

ಒಂದು ಲೆಕ್ಕ ಕೊಡುತ್ತೇನೆ, ನೋಡು. ಒಬ್ಬನ ಕೈಯಲ್ಲಿ 100 ಯೂರೋ ಇದೆ. ಒಂದು ವಸ್ತುವಿನ ಬೆಲೆ 2, ಇನ್ನೊಂದರದು 5. ಎರಡೂ ಅವನಿಗೆ ಎಷ್ಟು ಇಷ್ಟ ಅನ್ನುವುದನ್ನು ಒಂದು ಸೂತ್ರದಲ್ಲಿ ಕೊಟ್ಟಿರುತ್ತಾರೆ. ಅದರ ಪ್ರಕಾರ ಅವನು ದುಡ್ಡನ್ನು ಸರಿಯಾಗಿ ಅರ್ಧರ್ಧ ಹಂಚುತ್ತಾನೆ: ಮೊದಲನೆಯದು 25, ಎರಡನೆಯದು 10 ಕೊಳ್ಳುತ್ತಾನೆ. ಈಗ ಮೊದಲನೆಯದರ ಬೆಲೆ 4 ಆಯಿತು. ಅವನು 12.5 ಮಾತ್ರ ಕೊಳ್ಳುತ್ತಾನೆ. ಇಷ್ಟು ನಿನಗೂ ಬರುತ್ತದೆ. ಪರೀಕ್ಷೆಯ ಪ್ರಶ್ನೆ ಇಲ್ಲಿಂದ ಶುರು: ಕಡಿಮೆಯಾದ 12.5ರಲ್ಲಿ ಎಷ್ಟು ಪಾಲು ಆ ವಸ್ತು ಇನ್ನೊಂದಕ್ಕಿಂತ ತುಟ್ಟಿಯಾಯಿತು ಅನ್ನುವ ಕಾರಣಕ್ಕೆ, ಎಷ್ಟು ಪಾಲು ಅವನೇ ಬಡವನಾದ ಅನ್ನುವ ಕಾರಣಕ್ಕೆ? ಹಳೆಯದನ್ನೇ ಹೊಸ ಬೆಲೆಯಲ್ಲಿ ಕೊಳ್ಳಲು 150 ಯೂರೋ ಬೇಕು. ಅಷ್ಟು ಕೈಯಲ್ಲಿದ್ದಿದ್ದರೆ 18.75 ಕೊಳ್ಳುತ್ತಿದ್ದ. ಹಾಗಾಗಿ 6.25 ಒಂದು ಕಾರಣಕ್ಕೆ, 6.25 ಇನ್ನೊಂದು ಕಾರಣಕ್ಕೆ. ಸ್ಲಟ್ಸ್ಕಿ ಅಂತ ಈ ವಿಧಾನಕ್ಕೆ ಹೆಸರು. ವ್ಯಾಖ್ಯಾನ ಬಾಯಿಪಾಠ ಮಾಡಿ ಬರೆದರೆ ಇಲ್ಲಿ ಅಂಕ ಸಿಗಲ್ಲ, ಗಡಿಯಾರ ನೋಡಿಕೊಂಡು ಇದನ್ನು ಬಿಡಿಸಬೇಕು. ಇದು ಓದಿ ನಿನಗೆ ಮಜಾ ಬಂತಾ? ಹಾಗಾದರೆ ಬಾನ್‌ಗೆ ಹೋಗು. ಸುಸ್ತಾಯಿತಾ? ಫೀಸ್ ಕಟ್ಟಿಯಾದರೂ ಮಾನ್‌ಹೈಮ್‌ಗೆ ಸೇರು.

ಅಲ್ಲೂ ಗಣಿತದಿಂದ ತಪ್ಪಿಸಿಕೊಳ್ಳಲು ಆಗಲ್ಲ, ಆದರೆ ಕಾಲು ನೆಲದ ಮೇಲಿರುತ್ತದೆ. ಬಿ.ಕಾಂನಲ್ಲಿ ಕಲಿತ ಡೆಬಿಟ್, ಕ್ರೆಡಿಟ್ ಉಪಯೋಗಕ್ಕೆ ಬರುತ್ತದೆ. ಆದರೆ ನಿಯಮ ಬೇರೆ. ಹಾಗೆಬೆ ಅಂತ ಇಲ್ಲಿ ಒಂದು ವಾಣಿಜ್ಯ ಕಾನೂನಿದೆ. ಕಂಪನಿ 10 ಲಕ್ಷ ಯೂರೋಗೆ ಕೊಂಡ ಜಾಗ ಇವತ್ತು 30 ಲಕ್ಷ ಬಾಳಿದರೂ ಲೆಕ್ಕದ ಪುಸ್ತಕದಲ್ಲಿ ಅದು 10 ಲಕ್ಷವೇ. ಮಾರಿ ದುಡ್ಡು ಬರುವ ತನಕ ಲಾಭ ಅನ್ನುವ ಹಾಗಿಲ್ಲ. ಇನ್ನೊಂದು, 2,000ಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಸೀಟು ಕೆಲಸಗಾರರ ಪ್ರತಿನಿಧಿಗಳದ್ದು. 1976ರ ಕಾನೂನು. ಸಮಸಮ ವೋಟು ಬಿದ್ದರೆ ಅಧ್ಯಕ್ಷರಿಗೆ ಎರಡನೇ ವೋಟು ಇದೆ ಅನ್ನುವುದು ಬೇರೆ ಮಾತು. ಮ್ಯಾನೇಜ್‌ಮೆಂಟ್ ಓದುವಾಗ ಇದು ತಲೆಯಲ್ಲಿರಬೇಕು. ಇಲ್ಲದಿದ್ದರೆ ಇಲ್ಲಿನ ಕಾರ್ಖಾನೆಗಳು ಯಾಕೆ ಹೀಗೆ ನಡೆಯುತ್ತವೆ ಅಂತಲೇ ಅರ್ಥವಾಗಲ್ಲ.

ಈಗ ಜೀವನ. ಇಲ್ಲಿ ಯಾರೂ ನಿನ್ನನ್ನು ಓದು ಅನ್ನಲ್ಲ. ಹಾಜರಿ ಹೆಚ್ಚಿನ ಲೆಕ್ಚರ್‌ಗಳಿಗೆ ಇಲ್ಲ, ಇಂಟರ್ನಲ್ಸ್ ಬಹಳ ಕಡಿಮೆ. ಮೊದಲ ಸೆಮಿಸ್ಟರಿನ ಲೆಕ್ಚರ್ ಹಾಲಿನಲ್ಲಿ ನೂರಾರು ಜನ, ಪ್ರೊಫೆಸರಿಗೆ ನಿನ್ನ ಹೆಸರೂ ಗೊತ್ತಿರಲ್ಲ. ಟೈಮ್‌ಟೇಬಲ್‌ನಲ್ಲಿ 10 ಸಿ.ಟಿ. ಅಂತಿದ್ದರೆ ಕ್ಲಾಸ್ ಶುರುವಾಗುವುದು 10:15ಕ್ಕೆ. ಮುಗಿದಾಗ ಎಲ್ಲರೂ ಡೆಸ್ಕ್ ಕುಟ್ಟುತ್ತಾರೆ. ಗಾಬರಿಯಾಗಬೇಡ, ಅದು ಚಪ್ಪಾಳೆ. ಕ್ಲಾಸು ವಾರಕ್ಕೆ 20 ಗಂಟೆ ಕಂಡು ಎಷ್ಟು ಆರಾಮ್ ಅನ್ನಿಸುತ್ತದೆ. ಆದರೆ ಸೆಮಿಸ್ಟರಿಗೆ 30 ಕ್ರೆಡಿಟ್, ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಕೆಲಸ ಅಂತ ಲೆಕ್ಕ. ಬಾಕಿ ಗಂಟೆಗಳೆಲ್ಲ ನಿನ್ನ ಮೇಜಿನ ಮೇಲೆ. ಕೊನೆಗೆ ಬರುವ ಒಂದೇ ಪರೀಕ್ಷೆಯ ಮೇಲೆ ಪೂರ್ತಿ ಅಂಕ. 1.0 ಅತಿ ಒಳ್ಳೆಯದು, 4.0 ಬರೀ ಪಾಸು. ಮೂರು ಸಲ ಬರೆಯಲು ಬಿಡುವುದು ಸಾಮಾನ್ಯ. ಕಡ್ಡಾಯ ವಿಷಯದಲ್ಲಿ ಮೂರನೆಯದೂ ಹೋದರೆ ಹೆಸರು ತೆಗೆಯುತ್ತಾರೆ, ದೇಶದ ಬೇರೆ ಯೂನಿವರ್ಸಿಟಿಯಲ್ಲೂ ಸಾಮಾನ್ಯವಾಗಿ ಅದೇ ಕೋರ್ಸಿಗೆ ಸೇರಿಸಿಕೊಳ್ಳಲ್ಲ. ಹೆದರಿಸಲು ಹೇಳುತ್ತಿಲ್ಲ, ಆದರೆ ಸಪ್ಲಿಮೆಂಟರಿ ಇದೆಯಲ್ಲ ಅನ್ನುವ ಧೈರ್ಯ ಇಲ್ಲಿ ನಡೆಯಲ್ಲ.

ಉಪಾಯ ಅಂದರೆ ಎರಡನೇ ವಾರದಲ್ಲೇ ಮೂರ್ನಾಲ್ಕು ಜನರ ಗುಂಪು ಕಟ್ಟು. ಫಾಖ್‌ಶಾಫ್ಟ್, ಅಂದರೆ ವಿದ್ಯಾರ್ಥಿ ಸಂಘದವರ ಹತ್ತಿರ ಹಳೆಯ ಪ್ರಶ್ನೆಪತ್ರಿಕೆ ಇರುತ್ತವೆ, ಕೇಳು. ಗುಂಪಿನಲ್ಲಿ ಜರ್ಮನ್ನರೂ ಇರಲಿ. ನಮ್ಮವರ ಜೊತೆಗೇ ಇದ್ದುಬಿಟ್ಟರೆ ನಿನ್ನ ಸಿ1 ಸರ್ಟಿಫಿಕೇಟಿನಲ್ಲೇ ಉಳಿಯುತ್ತದೆ.

ಕೆಲಸ ಮಾಡಬಹುದು. 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ತಿ ದಿನ ಇಲ್ಲವೇ 280 ಅರ್ಧ ದಿನ. ಯೂನಿವರ್ಸಿಟಿ ಒಳಗೇ ಪ್ರೊಫೆಸರ್‌ಗಳಿಗೆ ಸಹಾಯ ಮಾಡುವ ಹೀವಿ ಕೆಲಸ ಈ ಲೆಕ್ಕಕ್ಕೆ ಸೇರಲ್ಲ. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಒಳ್ಳೆ ಅಂಕ ಬಂದರೆ ಅದಕ್ಕೇ ಅರ್ಜಿ ಹಾಕು. ಮೊದಲ ಸೆಮಿಸ್ಟರ್ ಮಾತ್ರ ಯಾವ ಕೆಲಸವೂ ಬೇಡ. ಡಿಗ್ರಿ ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಇರಲು ಬಿಡುತ್ತಾರೆ, ಅದರ ಚಿಂತೆ ಈಗ ಬೇಡ.

ತುರ್ತಾಗಿ ಮಾಡಬೇಕಾದದ್ದು ಒಂದಿದೆ. ಬಾನ್‌ನಲ್ಲಿ ಕ್ಲಾಸ್ ಅಕ್ಟೋಬರ್‌ನಲ್ಲಿ ಶುರು, ಮಾನ್‌ಹೈಮ್‌ನಲ್ಲಿ ಸೆಪ್ಟೆಂಬರ್ ಆರಂಭದಲ್ಲೇ. ವೀಸಾ ತಾರೀಖು ನೋಡಿಕೊಂಡು ನಿರ್ಧಾರ ಮಾಡು. ಯಾವುದಾದರೂ ಸರಿ, ಅಲ್ಲಿನ ಸ್ಟುಡಿಯೆರೆಂಡೆನ್‌ವೆರ್ಕ್, ಅಂದರೆ ವಿದ್ಯಾರ್ಥಿಗಳ ಊಟ-ವಸತಿ ನೋಡಿಕೊಳ್ಳುವ ಸಂಸ್ಥೆಯ ಹಾಸ್ಟೆಲ್ಲಿಗೆ ಇವತ್ತೇ ಅರ್ಜಿ ಹಾಕು, ಪಟ್ಟಿ ಉದ್ದ ಇರುತ್ತದೆ. ರೂಮ್ ತೋರಿಸದೆ ಮುಂಗಡ ಕೇಳುವವರಿಗೆ ಒಂದು ಸೆಂಟೂ ಕಳಿಸಬೇಡ. ಬಂದ ಮೇಲೆ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಸಹಿ ಇರುವ ಕಾಗದ ಬೇಕಾಗುತ್ತದೆ. ಬಾಡಿಗೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ನನಗೆ ಕಳಿಸು, ಓದಿ ಹೇಳುತ್ತೇನೆ.